ಪೀಠದ ಬಟ್ಟೆಯ ಬಿಳಿ

ಇಗರ್ಜಿಯೊಂದರ ಒಳಗನ್ನು ನಾನು ಮೊದಲ ಸಲ ಚಿತ್ರಿಸಿದ್ದು ನನ್ನ ಇಷ್ಟದಿಂದಲ್ಲ. ಅಮ್ಮ ಒಬ್ಬರಿಗೆ ಮಾತು ಕೊಟ್ಟು ಬಂದಿದ್ದಳು.

೧೯೯೭ರಲ್ಲಿ ನಾನು ಬ್ರಹ್ಮಾವರದ ಹತ್ತಿರದ ಒಂದು ಹೈಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ ಸೇರಿದ್ದೆ. ನಮ್ಮ ಮನೆ ಕುಂದಾಪುರದ ಕಡಲ ಬದಿಯಲ್ಲಿ. ಅಪ್ಪಯ್ಯ ಬೋಟಿನ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಬೆಳಿಗ್ಗೆ ಮೀನು ತೆಗೆದುಕೊಂಡು, ಬುಟ್ಟಿಯನ್ನು ಬಸ್ಸಿಗೇರಿಸಿ, ಗುಲ್ವಾಡಿಯ ಕಡೆ ಹೋಗಿ ಮನೆಮನೆಗೆ ಮಾರಿ, ಮಧ್ಯಾಹ್ನದ ಹೊತ್ತಿಗೆ ಹಿಂದಿರುಗುತ್ತಿದ್ದಳು. ಮಗಳು ಟೀಚರಾದ ಸುದ್ದಿ ಬೂತಾಯಿ ಬಂಗುಡೆಗಳ ಜೊತೆಗೇ ಆ ದಾರಿಯ ಎಲ್ಲ ಮನೆಗಳಿಗೂ ತಲುಪಿತ್ತು. ಯಾವ ವಿಷಯದ ಟೀಚರು ಎಂದು ಕೇಳಿದರೆ, ಏನು ಬೇಕಾದರೂ ಇದ್ದ ಹಾಗೆಯೇ ಬರೆಯುವ ಟೀಚರು ಎನ್ನುತ್ತಿದ್ದಳಂತೆ.

ಆ ಮನೆಗಳಲ್ಲಿ ಒಂದು ಬಾಯಮ್ಮನದು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಬಾಯಮ್ಮನಿಗೆ ಆಗ ಎಪ್ಪತ್ತರ ಹತ್ತಿರ. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆಗಿದ್ದರು. ಹಿಂದಿನ ಮಳೆಗಾಲದಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆದ ಮೇಲೆ ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುವುದಕ್ಕೆ ಅಡ್ಡಿಯಿರಲಿಲ್ಲ. ಇಗರ್ಜಿಗೆ ಹೋಗುವುದು ಮಾತ್ರ ನಿಂತುಹೋಗಿತ್ತು. ಇಗರ್ಜಿ ಅರ್ಧ ಗಂಟೆಯ ದಾರಿ, ಮುಂದುಗಡೆ ಎತ್ತರದ ಏಳು ಮೆಟ್ಟಿಲು. ಪಾದ್ರಿಗಳು ತಿಂಗಳಿಗೊಮ್ಮೆ ಮನೆಗೇ ಬಂದು ಪರಮಪ್ರಸಾದ ಕೊಟ್ಟು ಹೋಗುತ್ತಿದ್ದರು. ಆದರೂ ಬಾಯಮ್ಮ ಮೀನು ಆರಿಸುವಾಗೆಲ್ಲ ಅಮ್ಮನ ಹತ್ತಿರ ಇಗರ್ಜಿಯ ಒಳಗನ್ನೇ ನೆನೆಯುತ್ತಿದ್ದರಂತೆ. ಒಂದು ದಿನ ಕೇಳಿ ಕೇಳಿ ಸಾಕಾಗಿಯೋ ಏನೋ, ಅಮ್ಮ ಮಾತು ಕೊಟ್ಟುಬಿಟ್ಟಳು.

“ಬಾಯಮ್ಮಂಗೆ ಇಗರ್ಜಿ ಕಾಣ್ಕ್ ಅಂತ ಆಸಿ. ನಮ್ ಹೆಣ್ಣ್ ಬರ್ದ್ ಕೊಡ್ತ್ ಅಂದ್ ಬಂದೆ,” ಎಂದು ಬುಟ್ಟಿ ತೊಳೆಯುತ್ತಾ ಹೇಳಿದಳು.

ನಾನು ಆ ಇಗರ್ಜಿಯ ಒಳಗೆ ಕಾಲಿಟ್ಟವಳಲ್ಲ, ನೋಡದ್ದನ್ನು ಹೇಗೆ ಬರೆಯಲಿ ಎಂದು ಸಿಟ್ಟು ಮಾಡಿದೆ.

“ಕಂಡ್ಕಂಡ್ ಬಾ. ಬಾಗ್ಲ್ ತೆಗ್ದೇ ಇರತ್ತ್,” ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ನಿಜ ಹೇಳಬೇಕೆಂದರೆ ಒಳಗೊಳಗೆ ನನಗೂ ಸ್ವಲ್ಪ ಹುಮ್ಮಸ್ಸಿತ್ತು. ಕಲಾಶಾಲೆಯ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕವಿತ್ತು. ಅದರಲ್ಲಿ ಹೊರದೇಶದ ಹಳೆಯ ಇಗರ್ಜಿಗಳ ಒಳಾಂಗಣದ ಚಿತ್ರಗಳು ಸಾಲಾಗಿದ್ದವು. ಆಕಾಶಕ್ಕೆ ಮುಟ್ಟುವಂಥ ಕಂಬಗಳು, ಕೆಳಗೆ ಇರುವೆಯಷ್ಟು ಜನ, ಮೇಲಿನ ಕಿಟಕಿಯಿಂದ ಓರೆಯಾಗಿ ಇಳಿಯುವ ಬಂಗಾರದ ಬೆಳಕಿನ ಪಟ್ಟೆ. ಅದನ್ನು ಎಷ್ಟು ಸಲ ತಿರುವಿ ಹಾಕಿದ್ದೆನೋ. ಅಂಥದ್ದೊಂದನ್ನು ನಾನೂ ಬರೆಯಬಹುದಲ್ಲ ಅನ್ನಿಸಿತು.

ಡಿಸೆಂಬರ್ ಕೊನೆಯ ರಜೆಯಲ್ಲಿ ನಾಲ್ಕು ಸಂಜೆ ಹೋದೆ. ಪಾದ್ರಿಗಳು ವಯಸ್ಸಾದವರು, ಹೆಚ್ಚು ಮಾತಿಲ್ಲ. ವಿಷಯ ಹೇಳಿದಾಗ ಒಂದು ಬೆಂಚು ತೋರಿಸಿ, ಎಲ್ಲಿ ಬೇಕಾದರೂ ಕುಳಿತು ಬರೆಯಬಹುದು ಎಂದರು. ಈ ಇಗರ್ಜಿ ಆ ಪುಸ್ತಕದಲ್ಲಿದ್ದವುಗಳ ಹಾಗಿರಲಿಲ್ಲ. ಹಂಚಿನ ಮಾಡು, ಸುಣ್ಣದ ಗೋಡೆ, ಮರದ ತೊಲೆಗಳು, ಎರಡೂ ಬದಿಗೆ ನಾಲ್ಕು ನಾಲ್ಕು ಉದ್ದನೆಯ ಕಿಟಕಿ, ಮುಂದುಗಡೆ ಬಿಳಿ ಬಟ್ಟೆ ಹಾಸಿದ ಪೀಠ. ಸಂಜೆ ಐದಕ್ಕೆ ಪಶ್ಚಿಮದ ಕಿಟಕಿಗಳಿಂದ ಬಿಸಿಲು ಒಳಗೆ ಬಂದು ಇಡೀ ಪೀಠ ಕೆಂಪು ಹಳದಿಯಾಗುತ್ತಿತ್ತು. ಜನ ಯಾರೂ ಇರುತ್ತಿರಲಿಲ್ಲ. ನಾನು ಕಂಬವಿಲ್ಲದ ಕಡೆ ಕಂಬ ಸೇರಿಸಲಿಲ್ಲ ನಿಜ, ಆದರೆ ಮಾಡನ್ನು ಒಂದಿಷ್ಟು ಎತ್ತರ ಮಾಡಿದೆ. ಬೆಳಕಿನ ಪಟ್ಟೆಗಳನ್ನು ಹಳದಿ ಬಣ್ಣದಲ್ಲಿ ಧಾರಾಳವಾಗಿ ಎಳೆದೆ. ಮುಗಿದಾಗ ನನಗೇ ಹೆಮ್ಮೆಯಾಯಿತು.

ಜನವರಿಯ ಒಂದು ಭಾನುವಾರ ಅಮ್ಮನ ಜೊತೆ ಹೋಗಿ ಬಾಯಮ್ಮನ ಕೈಗೆ ಕೊಟ್ಟೆ. ಅವರು ಕನ್ನಡಕ ಒರೆಸಿಕೊಂಡು ಕಿಟಕಿಯ ಹತ್ತಿರ ಹಿಡಿದು ನೋಡಿದರು. ಚೆಂದ ಇದೆ, ಬಹಳ ಚೆಂದ ಇದೆ ಎಂದರು. ಆಮೇಲೆ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಮತ್ತೆ ನೋಡಿದರು. ತಮ್ಮನ ಹೆಂಡತಿ ಚಾ ತಂದಿಟ್ಟರು. ಚಾ ಕುಡಿದಾದ ಮೇಲೂ ಬಾಯಮ್ಮ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದರು. ಅಮ್ಮನಿಗೆ ತಡೆಯಲಾಗಲಿಲ್ಲ, ಎಂತ ಆಯ್ತು ಎಂದು ಕೇಳಿದಳು.

“ಇದ್ ನಮ್ ಇಗರ್ಜಿಯೇ,” ಎಂದರು ಬಾಯಮ್ಮ. “ಆದ್ರೆ ಹೊತ್ತ್ ನಮ್ದಲ್ಲ ಮಗಾ. ಸಂಜಿ ಬಿಸ್ಲಗೆ ನಾವ್ ಅಲ್ಲಿಗ್ ಹೋಪುದ್ ಯಾರಾರೂ ತೀರ್ಕಂಡ್ರೆ ಮಾತ್ರ.”

ನನ್ನ ಮುಖ ಸಣ್ಣಗಾಗಿರಬೇಕು. ಅವರು ನನ್ನ ಕೈ ಹಿಡಿದುಕೊಂಡರು. ಆದರೆ ಹೇಳಬೇಕಾದ್ದನ್ನು ಬಿಡಲಿಲ್ಲ. ಪೀಠದ ಮೇಲೆ ಬೆರಳಿಟ್ಟು, “ಈ ಬಟ್ಟಿ ಎಂತಕ್ ಅರ್ಶಿಣ ಆಯ್ತ್? ನಾ ಹೀಂಗ್ ತೊಳ್ದದ್ದಲ್ಲ,” ಎಂದರು.

ಆಗ ಗೊತ್ತಾಯಿತು. ಆ ಇಗರ್ಜಿಯ ಪೀಠಕ್ಕೆ ಹಾಸುವ ಬಟ್ಟೆಗಳನ್ನು ನಲವತ್ತು ವರ್ಷ ಒಗೆದು ಇಸ್ತ್ರಿ ಮಾಡಿದವರು ಬಾಯಮ್ಮ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲಿ ಶುರು ಮಾಡಿದ ಕೆಲಸ. ಸೊಂಟ ಮುರಿಯುವವರೆಗೆ ಒಂದು ವಾರವೂ ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಆ ದಿನ ಅವರು ನನಗೆ ಬಿಳಿಯ ವಿಷಯ ಹೇಳಿಕೊಟ್ಟರು. ಬಟ್ಟೆಗೆ ನೀಲಿ ಎಷ್ಟು ಹಾಕಬೇಕು ಎನ್ನುವುದು ಬಾವಿಯ ನೀರಿನ ಮೇಲೆ ಹೋಗುತ್ತದಂತೆ. ಬಿಸಿಲಿಗೆ ಒಣಗಿಸಿದ ಬಟ್ಟೆಯ ಬಿಳಿ ಬೇರೆ, ನೆರಳಿನಲ್ಲಿ ಒಣಗಿಸಿದ್ದರ ಬಿಳಿ ಬೇರೆ. ಬೆಳಿಗ್ಗೆ ಪೂಜೆ ಶುರುವಾಗುವಾಗ ಪೀಠದ ಬಟ್ಟೆ ನೀಲಿಯಾಗಿ ಕಾಣುತ್ತದೆ. ಪೂರ್ವದ ಕಿಟಕಿಯಿಂದ ಬೆಳಕು ಬಿದ್ದಾಗ ಮಾತ್ರ ನಿಜವಾದ ಬಿಳಿ. ಅದು ಹೆಚ್ಚು ಹೊತ್ತು ಇರುವುದಿಲ್ಲ. ಎರಡು ವರ್ಷ ಕಲಾಶಾಲೆಯಲ್ಲಿ ಕಲಿತಿದ್ದರೂ ಬಿಳಿಯ ಬಗ್ಗೆ ಇಷ್ಟು ವಿವರವಾಗಿ ನನಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಅಮ್ಮ ಬೇರೆ ಒಂದು ಮಾತು ಹೇಳಿದಳು. ಅಷ್ಟು ದೊಡ್ಡ ಇಗರ್ಜಿ ಬರೆದೆ, ಜನ ಒಬ್ಬರಾದರೂ ಬೇಡವೇ ಎಂದು.

ಫೆಬ್ರವರಿಯಿಂದ ಭಾನುವಾರ ಏಳು ಗಂಟೆಯ ಪೂಜೆಗೆ ಹೋಗತೊಡಗಿದೆ. ಮೊದಲ ದಿನ ಅಳುಕಿತ್ತು. ಪಾದ್ರಿಗಳನ್ನು ಕೇಳಿದಾಗ, ಕೂತುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ, ಪ್ರಸಾದ ಕೊಡುವಾಗ ಸಾಲಿನಲ್ಲಿ ಬರದಿದ್ದರೆ ಆಯಿತು ಎಂದರು. ಬಾಯಮ್ಮ ಕೂರುತ್ತಿದ್ದ ಜಾಗ ಹೆಂಗಸರ ಬದಿಯ ಮೂರನೆಯ ಬೆಂಚಿನ ತುದಿ, ಗೋಡೆಗೆ ತಾಗಿ. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನು ಯಾಕೆ ಬಂದಿದ್ದೇನೆಂದು ತಿಳಿದ ಮೇಲೆ ಪಕ್ಕದ ಹೆಂಗಸರು ತಾವೇ ಸರಿದು ಅಲ್ಲಿ ಕೂರಿಸಿದರು.

ಪೂಜೆ ನಡೆಯುವಾಗಲೂ ಬರೆಯಬಹುದೆಂದು ಪಾದ್ರಿಗಳು ಹೇಳಿದ್ದರು. ಆದರೆ ಸುತ್ತ ಎಲ್ಲರೂ ಮೊಣಕಾಲೂರಿದಾಗ ಪೆನ್ಸಿಲು ಆಡಿಸುವುದು ನನ್ನಿಂದ ಆಗಲಿಲ್ಲ. ಪುಸ್ತಕ ಮುಚ್ಚಿಟ್ಟು ನೋಡುತ್ತಾ ಕೂತೆ. ಪೂಜೆ ಮುಗಿದ ಮೇಲೆ ಹೊರಗಿನ ಜಗಲಿಯಲ್ಲಿ ಕೂತು ನೆನಪಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆ. ಹಾಗೆ ಮಾಡಿದ್ದರಿಂದ ಒಂದು ಲಾಭವಾಯಿತು. ಬರೆಯುವ ಅವಸರವಿಲ್ಲದೆ ಒಂದು ಗಂಟೆ ಒಂದೇ ಕಡೆ ನೋಡುವುದನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಬೆಳಕು ಪಟ್ಟೆ ಪಟ್ಟೆಯಾಗಿ ಬರುವುದೇ ಇಲ್ಲ. ಮೊದಲು ಎದುರುಗಡೆಯ ಗೋಡೆಯ ಮೇಲ್ಭಾಗ ಸ್ವಲ್ಪ ಬೆಚ್ಚಗಾದ ಹಾಗೆ ಕಾಣುತ್ತದೆ. ಆಮೇಲೆ ಅಲ್ಲಿ ಕಿಟಕಿಯ ಆಕಾರ ಮೂಡುತ್ತದೆ. ಅದು ಮೆಲ್ಲಗೆ ಕೆಳಗಿಳಿಯುತ್ತದೆ. ಹೆಂಗಸರು ತಲೆಗೆ ಹೊದ್ದ ಸೆರಗಿನ ಅಂಚುಗಳು ಒಂದೊಂದಾಗಿ ಬೆಳಗುತ್ತವೆ. ಪೀಠದ ಮೇಲಿನ ಮೇಣದ ಬತ್ತಿಗಳು ಅಲ್ಲಿಯವರೆಗೆ ಚೆನ್ನಾಗಿ ಉರಿಯುತ್ತಿದ್ದವು, ಬಿಸಿಲು ಬಂದೊಡನೆ ಅವುಗಳ ಜ್ವಾಲೆ ಕಾಣಿಸುವುದೇ ಇಲ್ಲ. ಉರಿಯುತ್ತಿವೆ ಎಂಬುದು ಮೇಲಿನ ಗಾಳಿ ನಡುಗುವುದರಿಂದ ಮಾತ್ರ ತಿಳಿಯುತ್ತದೆ. ಜನರನ್ನೂ ನೋಡಿದೆ. ಗಂಡಸರ ಬದಿಯಲ್ಲಿ ಗ್ಯಾರೇಜಿನ ಕೆಲಸದವನೊಬ್ಬ ಎಷ್ಟು ತಿಕ್ಕಿದರೂ ಹೋಗದ ಕಪ್ಪು ಬೆರಳುಗಳನ್ನು ಒಂದರೊಳಗೊಂದು ಹೆಣೆದು ಹಣೆಗೆ ಒತ್ತಿಕೊಂಡಿರುತ್ತಿದ್ದ. ನನ್ನ ಮುಂದಿನ ಬೆಂಚಿನ ಅಜ್ಜಿಯೊಬ್ಬರು ಪ್ರತಿ ವಾರ ನಿದ್ದೆ ಹೋಗಿ, ಗಂಟೆ ಹೊಡೆದಾಗ ಸರಿಯಾಗಿ ಎಚ್ಚರಾಗುತ್ತಿದ್ದರು.

ಪುಟ್ಟ ಗಂಟೆ ಅಲುಗಿದಾಗ, ಪ್ರಸಾದವಾಗುವ ರೊಟ್ಟಿಯನ್ನು ಪಾದ್ರಿಗಳು ಎಲ್ಲರೂ ನೋಡುವ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿಯುವುದು ಸುಮಾರು ಏಳೂವರೆಗೆ. ಫೆಬ್ರವರಿಯಲ್ಲಿ ಆ ಹೊತ್ತಿಗೆ ಬೆಳಕು ಇನ್ನೂ ಗೋಡೆಯ ಮೇಲೆಯೇ ಇರುತ್ತಿತ್ತು. ವಾರ ಕಳೆದ ಹಾಗೆ ಒಂದೊಂದು ಗೇಣು ಕೆಳಗಿಳಿಯಿತು. ಮಾರ್ಚಿನ ನಡುವಿನ ಒಂದು ಭಾನುವಾರ, ಪುಟ್ಟ ಗಂಟೆ ಅಲುಗುವುದಕ್ಕೂ ಬೆಳಕು ಪೀಠದ ಬಟ್ಟೆಗೆ ಬೀಳುವುದಕ್ಕೂ ಸರಿಹೋಯಿತು. ಬಾಯಮ್ಮ ಹೇಳಿದ ಬಿಳಿ ಅದೇ. ನಾನು ಕಣ್ಣು ಮಿಟುಕಿಸಲಿಲ್ಲ. ಪ್ರಾರ್ಥನೆ ಮಾಡಿದೆನೆಂದು ಹೇಳಲಾರೆ, ಆದರೆ ಎದೆಯಲ್ಲಿ ಏನೋ ಹಗುರವಾಯಿತು. ಏಪ್ರಿಲ್ ಬಂದಾಗ ಆ ಬೆಳಕು ಪೀಠ ದಾಟಿ ಮೆಟ್ಟಿಲಿಗೆ ಇಳಿದಿತ್ತು.

ಬೇಸಿಗೆ ರಜೆಯಲ್ಲಿ ಎರಡನೆಯ ಚಿತ್ರ ಬರೆದೆ. ಈ ಸಲ ಬೆಳಕಿಗೆ ಯಾವ ಬಣ್ಣವನ್ನೂ ಹಚ್ಚಲಿಲ್ಲ. ಪೀಠದ ಬಟ್ಟೆ ಬರುವ ಜಾಗದಲ್ಲಿ ಕಾಗದವನ್ನು ಹಾಗೆಯೇ ಬಿಟ್ಟು, ಸುತ್ತಲಿನ ನೆರಳನ್ನು ಮಾತ್ರ ತೆಳ್ಳನೆಯ ನೀಲಿ ಬೂದು ಬಣ್ಣದಲ್ಲಿ ತುಂಬಿದೆ. ಮೂರು ಕಾಗದ ಹಾಳಾದವು. ಒಮ್ಮೆ ಕಡಲ ಗಾಳಿಗೆ ಬಣ್ಣ ಒಣಗದೆ ಹರಿದು ಇಡೀ ಪೀಠ ಮುಳುಗಿಹೋಯಿತು. ನಾಲ್ಕನೆಯದು ನಿಂತಿತು. ಅದರಲ್ಲಿ ಸೆರಗು ಹೊದ್ದ ಬೆನ್ನುಗಳಿದ್ದವು, ಗ್ಯಾರೇಜಿನವನ ಕೈಗಳಿದ್ದವು, ನಿದ್ದೆ ಮಾಡುವ ಅಜ್ಜಿ ಇದ್ದರು. ಮಾಡು ಇದ್ದಷ್ಟೇ ಎತ್ತರವಿತ್ತು.

ಬಾಯಮ್ಮ ಅದನ್ನು ನೋಡಿ ಚೆಂದ ಎನ್ನಲೇ ಇಲ್ಲ. ಇದು ಯಾರು, ಅದು ಯಾರು ಎಂದು ಬೆನ್ನು ನೋಡಿಯೇ ಹೇಳತೊಡಗಿದರು. ಅಜ್ಜಿಯನ್ನು ಗುರುತಿಸಿ, ಇವಳ ನಿದ್ದೆ ಇನ್ನೂ ಬಿಟ್ಟಿಲ್ಲವೇ ಎಂದು ಜೋರಾಗಿ ನಕ್ಕರು. ತಮ್ಮನ ಹೆಂಡತಿಯನ್ನು ಕರೆದು ತೋರಿಸಿದರು. ಕೊನೆಗೆ ಪೀಠಕ್ಕೆ ಬಂದರು. ಬಹಳ ಹೊತ್ತು ಅದನ್ನೇ ನೋಡಿ ದನಿ ತಗ್ಗಿಸಿ ಹೇಳಿದರು.

“ನಿಂಗೊಂದ್ ಹೇಳ್ತೆ. ಎಲ್ರೂ ರೊಟ್ಟಿ ಕಾಂಬತಿಗೆ ನಾ ಬಟ್ಟಿ ಕಾಂತಿದ್ದೆ. ನಲ್ವತ್ ವರ್ಷ. ಬಿಸ್ಲ್ ಬಿದ್ರೇ ಅಲ್ದಾ ಕಲಿ ಕಾಂಬುದ್.”

ಕಲೆ ಎಲ್ಲಿಯಾದರೂ ಉಳಿದಿದೆಯೋ, ಇಸ್ತ್ರಿಯ ಮಡಿಕೆ ಓರೆಯಾಗಿದೆಯೋ ಎಂಬ ಹೆದರಿಕೆ. ಪ್ರತಿ ವಾರ ರೊಟ್ಟಿ ಎತ್ತುವ ಗಳಿಗೆಯಲ್ಲಿ ತಲೆ ಎತ್ತಿ ಅದನ್ನೇ ನೋಡಬೇಕೆಂದು ಅಂದುಕೊಂಡು, ಪ್ರತಿ ವಾರವೂ ಕಣ್ಣು ಬಟ್ಟೆಗೇ ಹೋಗುತ್ತಿತ್ತಂತೆ. ಇದನ್ನು ಪಾದ್ರಿಗಳ ಹತ್ತಿರವೂ ಹೇಳಿಕೊಂಡಿರಲಿಲ್ಲ. ನೆಲದಲ್ಲಿ ಕೂತಿದ್ದ ಅಮ್ಮ, ದೇವರಿಗೂ ಬಟ್ಟೆ ಶುಚಿಯಾಗಿರುವುದು ಬೇಕಲ್ಲ ಬಾಯಮ್ಮ ಎಂದಳು. ಅವರಿಗೆ ಅದರಿಂದ ಸಮಾಧಾನವಾಯಿತು ಅನ್ನಿಸುತ್ತದೆ.

ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಮಂಚದ ಎದುರು ತೂಗುಹಾಕಿದರು. ಮರುದಿನವೇ ಅಮ್ಮನ ಮೂಲಕ ದೂರು ಬಂತು: ಬೆಳಿಗ್ಗೆ ಏಳಕ್ಕೆ ಗಾಜಿನಲ್ಲಿ ಎದುರಿನ ಕಿಟಕಿಯೂ ಅದರಾಚೆಯ ಬಾಳೆಗಿಡವೂ ಕಾಣುತ್ತವೆಯೇ ಹೊರತು ಇಗರ್ಜಿ ಕಾಣುವುದಿಲ್ಲ. ನಾನು ಹೋಗಿ ಗಾಜು ತೆಗೆದುಕೊಟ್ಟೆ. ಹೊಗೆ ಧೂಳು ಹಿಡಿಯುತ್ತದೆ ಎಂದರೆ, ಅದನ್ನು ಒರೆಸುವುದು ತನಗೆ ಗೊತ್ತು ಎಂದರು.

ಚಿತ್ರ ಸಿಕ್ಕಿದ ಮೇಲೆ ಬಾಯಮ್ಮ ಅದರಲ್ಲೇ ತೃಪ್ತರಾಗಿ ಇರುತ್ತಾರೆಂದು ನಾನು ತಿಳಿದಿದ್ದೆ. ಆದದ್ದು ಬೇರೆ. ಹತ್ತು ತಿಂಗಳು ದಿನಾ ಅದನ್ನು ನೋಡಿ ನೋಡಿ, ಒಮ್ಮೆ ಹೋಗಲೇಬೇಕು ಎಂಬ ಹಟ ಹಿಡಿದರು. ಮರುವರ್ಷದ ಮಾರ್ಚ್ ಹತ್ತಿರ ಬಂದ ಹಾಗೆ ಹಟ ಜಾಸ್ತಿಯಾಯಿತು. ಆ ಬೆಳಕು ಬೀಳುವ ಭಾನುವಾರವೇ ಹೋಗಬೇಕು. ತಮ್ಮ ಮೊದಲು ಬೇಡವೆಂದರು, ಆಮೇಲೆ ಡಾಕ್ಟರನ್ನು ಕೇಳಿದರು, ಕೊನೆಗೆ ರಿಕ್ಷಾ ಗೊತ್ತು ಮಾಡಿದರು. ಯಾವ ಭಾನುವಾರ ಎಂದು ಲೆಕ್ಕ ಹಾಕಿಕೊಟ್ಟವಳು ನಾನು.

ಆ ದಿನ ಅಮ್ಮ ಮೀನಿಗೆ ಹೋಗಲಿಲ್ಲ. ಹೊಸ ಸೀರೆ ಉಟ್ಟು ನನ್ನ ಜೊತೆ ಬಂದಳು. ಇಗರ್ಜಿಯ ಮುಂದೆ ಬಾಯಮ್ಮನನ್ನು ರಿಕ್ಷಾದಿಂದ ಇಳಿಸಿ ಮರದ ಕುರ್ಚಿಯಲ್ಲಿ ಕೂರಿಸಿದರು. ತಮ್ಮನೂ ಇಬ್ಬರು ಗಂಡಸರೂ ಕುರ್ಚಿ ಹಿಡಿದರು. ನಾಲ್ಕನೆಯ ಕಾಲಿಗೆ ಯಾರೆಂದು ಅವರು ನೋಡುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಬಗ್ಗಿದ್ದಳು. ನಲವತ್ತು ಕೆ.ಜಿ. ಮೀನು ಎತ್ತುವವಳು ನಾನು ಎಂದಳು. ಏಳು ಮೆಟ್ಟಿಲನ್ನೂ ಕುರ್ಚಿ ಒಂಚೂರು ಓರೆಯಾಗದೆ ಹತ್ತಿತು.

ಆದರೆ ಆ ದಿನ ಮೋಡ ಕವಿದಿತ್ತು. ಮಾರ್ಚಿನಲ್ಲಿ ನಮ್ಮಲ್ಲಿ ಹಾಗೆ ಆಗುವುದು ಕಡಿಮೆ. ಪೂಜೆ ಶುರುವಾದಾಗ ಒಳಗೆ ಎಲ್ಲ ಒಂದೇ ಬೂದು ಬಣ್ಣ. ಎದುರು ಗೋಡೆ ಬೆಚ್ಚಗಾಗಲಿಲ್ಲ, ಕಿಟಕಿಯ ಆಕಾರ ಮೂಡಲಿಲ್ಲ. ಬಾಯಮ್ಮನ ಕುರ್ಚಿಯನ್ನು ಮೂರನೆಯ ಬೆಂಚಿನ ಪಕ್ಕದಲ್ಲಿ ಇಟ್ಟಿದ್ದರು, ನಾನು ಅದೇ ಸಾಲಿನಲ್ಲಿ ಅಮ್ಮನ ಪಕ್ಕ ಕೂತು ಕಿಟಕಿಯನ್ನೇ ನೋಡುತ್ತಿದ್ದೆ. ಲೆಕ್ಕ ಹಾಕಿಕೊಟ್ಟವಳು ನಾನೇ ಆದ್ದರಿಂದ ಮೋಡವೂ ನನ್ನದೇ ತಪ್ಪು ಅನ್ನಿಸುತ್ತಿತ್ತು. ಪುಟ್ಟ ಗಂಟೆ ಅಲುಗಿತು. ಬೆಳಕು ಬರಲಿಲ್ಲ. ಮೇಣದ ಬತ್ತಿಗಳು ಸ್ಪಷ್ಟವಾಗಿ ಉರಿಯುತ್ತಿದ್ದವು. ನಾನು ಬಾಯಮ್ಮನ ಕಡೆ ತಿರುಗಿದೆ. ಅವರು ಕುರ್ಚಿಯ ಕೈ ಹಿಡಿದು, ಕುತ್ತಿಗೆ ನೀಳ ಮಾಡಿ, ತಲೆ ಎತ್ತಿ ನೋಡುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಪಾದ್ರಿಗಳು ಕೈ ಇಳಿಸಿದ ಮೇಲೂ ಅವರ ಮುಖ ಹಾಗೆಯೇ ಇತ್ತು.

ಹೊರಗೆ ಬಂದ ಮೇಲೆ ಬೆಳಕು ಬರಲಿಲ್ಲವಲ್ಲ ಎಂದು ನಾನು ಬೇಸರದಿಂದ ಹೇಳಿದೆ. ಅವರಿಗೆ ಒಂದಿಷ್ಟೂ ಬೇಸರವಿರಲಿಲ್ಲ.

“ಬಟ್ಟಿ ಸಮ ಕಾಣ್ಲೇ ಇಲ್ಲೆ ಮಗಾ,” ಎಂದರು. “ಈಗ ತೊಳೂದ್ ಬೇರೆಯವ್ರ್, ನಂಗೆಂತಕ್ ಅದ್ರ್ ಚಿಂತಿ. ಇವತ್ತ್ ರೊಟ್ಟಿ ಕಂಡೆ.”

ಅವರ ತಮ್ಮನಿಗೆ ಈ ಮಾತಿನ ಅರ್ಥ ಆಗಲಿಲ್ಲ. ಅಮ್ಮನಿಗೂ ನನಗೂ ಆಯಿತು. ಎಲ್ಲರೂ ಅವರ ಮನೆಗೆ ಹೋಗಿ ಇಡ್ಲಿ ತಿಂದೆವು.

ಆಮೇಲೆ ಬಾಯಮ್ಮ ವರ್ಷಕ್ಕೆ ಎರಡು ಮೂರು ಸಲ ಕುರ್ಚಿಯಲ್ಲಿ ಹೋಗಿಬರುತ್ತಿದ್ದರು. ೨೦೦೫ರ ಹೊತ್ತಿಗೆ ತೀರಿಕೊಂಡರು, ನಿದ್ದೆಯಲ್ಲಿ. ಚಿತ್ರ ಈಗಲೂ ಆ ಮನೆಯಲ್ಲಿದೆ. ಗಾಜಿಲ್ಲದೆ ಮೂಲೆಗಳು ಕಂದಾಗಿವೆ.

ನನಗೆ ಮಾತ್ರ ಆ ಕೆಲಸ ಅಂಟಿಕೊಂಡಿತು. ಯಾರೂ ಕೇಳದಿದ್ದರೂ ರಜೆಯಲ್ಲಿ ಇಗರ್ಜಿಗಳಿಗೆ ಹೋಗಿ ಕೂರತೊಡಗಿದೆ. ಬ್ರಹ್ಮಾವರದ ಕಡೆ, ಬೈಂದೂರಿನ ಕಡೆ, ಒಳಗಿನ ಹಳ್ಳಿಗಳ ಪುಟ್ಟ ಪ್ರಾರ್ಥನಾ ಮಂದಿರಗಳಿಗೆ. ಕೊಕ್ಕರ್ಣೆಯ ದಾರಿಯಲ್ಲಿ ಒಂದು ಕಡೆ ಮಾಡಿನ ಹಂಚುಗಳ ನಡುವೆ ಒಂದೇ ಒಂದು ಗಾಜಿನ ಹಂಚಿತ್ತು. ಅದರಿಂದ ಬಿದ್ದ ಬೆಳಕಿನ ತುಂಡು ಪ್ರಾರ್ಥನೆಯ ಹೊತ್ತಿಗೆ ಜನರ ಭುಜದಿಂದ ಭುಜಕ್ಕೆ ದಾಟುತ್ತಿತ್ತು. ಇನ್ನೊಂದು ಕಡೆ ಮಳೆಗಾಲದ ಮಧ್ಯಾಹ್ನ ಕರೆಂಟು ಹೋಗಿ, ಹಾಡುಪುಸ್ತಕ ಓದಲಾಗದೆ ಎಲ್ಲರೂ ಬಾಯಿಪಾಠದಿಂದಲೇ ಹಾಡಿದರು. ಆ ಕತ್ತಲೆಯ ಚಿತ್ರ ನನಗೆ ಬಹಳ ಇಷ್ಟ. ಮತ ಬದಲಿಸುತ್ತೀಯಾ ಎಂದು ಶಾಲೆಯಲ್ಲಿ ಒಬ್ಬಿಬ್ಬರು ತಮಾಷೆ ಮಾಡಿದರು. ಇಗರ್ಜಿಯವರು ಯಾರೂ ಯಾವತ್ತೂ ಕೇಳಲಿಲ್ಲ. ಮನೆಯಲ್ಲಿ ನಮ್ಮ ದೇವರಿಗೆ ದೀಪ ಹಚ್ಚಿಯೇ ನಾನು ಭಾನುವಾರದ ಬಸ್ಸು ಹತ್ತುತ್ತಿದ್ದೆ.

೨೦೧೨ರ ಸುಮಾರಿಗೆ ಕುಂದಾಪುರದ ಒಂದು ಶಾಲೆಯ ಹಾಲಿನಲ್ಲಿ ಎರಡು ದಿನ ಆ ಚಿತ್ರಗಳನ್ನೆಲ್ಲ ತೂಗುಹಾಕಿದೆವು. ಅಮ್ಮ ಅಷ್ಟರಲ್ಲಿ ಮೊಣಕಾಲು ನೋವಿನಿಂದ ಮೀನು ಮಾರುವುದನ್ನು ಬಿಟ್ಟಿದ್ದಳು. ಎರಡೂ ದಿನ ಬಾಗಿಲು ತೆಗೆಯುವಾಗ ಬಂದು ಬಾಗಿಲು ಹಾಕುವವರೆಗೂ ಅಲ್ಲೇ ಇದ್ದಳು. ನಾನು ಬಂದವರ ಜೊತೆ ಸಂಕೋಚದಿಂದ ಎರಡು ಮಾತಾಡಿ ಸುಮ್ಮನಾಗುತ್ತಿದ್ದರೆ, ಅವಳು ಕುರ್ಚಿಯಿಂದ ಎದ್ದು ಒಂದೊಂದು ಚಿತ್ರದ ಮುಂದೆಯೂ ನಿಂತು ವಿವರಿಸುತ್ತಿದ್ದಳು. ಹೋಗದ ಇಗರ್ಜಿಗಳ ವಿಷಯವನ್ನೂ ಹೋಗಿ ಬಂದವಳ ಹಾಗೆ ಹೇಳುತ್ತಿದ್ದಳು. ಮಧ್ಯಾಹ್ನ ಉಡುಪಿಯ ಕಡೆಯ ಮೇಷ್ಟ್ರೊಬ್ಬರು ಅವಳ ವಿವರಣೆಯನ್ನೆಲ್ಲ ಕೇಳಿಸಿಕೊಂಡು, ನೀವು ಕ್ರಿಶ್ಚಿಯನ್ನರೇ ಎಂದು ಕೇಳಿದರು.

“ಅಲ್ಲ ಮಾರಾಯ್ರೆ, ನಾವ್ ಮೀನಿನವ್ರ್,” ಎಂದಳು ಅಮ್ಮ. “ನೀವ್ ಮೊದ್ಲ್ ಈ ಗೋಡಿ ಕಾಣಿ. ಬೆಳಕ್ ಅಲ್ಲಿಂದ್ಲೇ ಶುರು ಆಪುದ್.”

ಅವರು ಕನ್ನಡಕ ಸರಿಮಾಡಿಕೊಂಡು ಗೋಡೆಯನ್ನು ನೋಡಿದರು. ಅಮ್ಮ ಅವರು ನೋಡಿ ಮುಗಿಸುವವರೆಗೆ ಕಾದು, ಕೈ ಮಾಡಿ ಮುಂದಿನ ಚಿತ್ರಕ್ಕೆ ಕರೆದುಕೊಂಡು ಹೋದಳು.